ಗುರುವಾರದ ರಿಪೋರ್ಟ್ ಹಿಡಿದು ಮಂಗಳವಾರದ ಹಬ್ಬಕ್ಕೆ ಹೋಗಬೇಡಿ

ಇದು 2022ರ ಜನವರಿ, ಕೊರೊನಾ ಕೇಸು ಮತ್ತೆ ಏರ್ತಿರೋ ಹೊತ್ತು. ನಿಮ್ಮ ಪ್ರಶ್ನೆ ಓದಿ ಕೈ ತಣ್ಣಗಾಯ್ತು. ಕೊರೊನಾ ಲಸಿಕೆ ಎರಡೂ ಡೋಸ್ ಆಗಿದೆ, ಆರ್‌ಟಿಪಿಸಿಆರ್ ನೆಗೆಟಿವ್ ಬಂದಿದೆ, ವೀಕೆಂಡ್ ಕರ್ಫ್ಯೂ ಶುರುವಾಗೋದರೊಳಗೆ ಮಂಗಳವಾರದಿಂದ ಗುರುವಾರದವರೆಗೆ ಚಿಕ್ಕಮಗಳೂರಿನ ರೆಸಾರ್ಟ್‌ನಲ್ಲಿದ್ದು, ಅಲ್ಲಿಂದ ಹಾಗೇ ಊರಿಗೆ ಹೋಗಿ ಅಪ್ಪ ಅಮ್ಮನ ಜೊತೆ ಸಂಕ್ರಾಂತಿ ಮಾಡ್ತೀವಿ, ಕಟ್ಟಿದ 14 ಸಾವಿರ ವಾಪಸ್ ಬರಲ್ಲ, ಹೋಗಬಹುದಾ ಅಂತ ಕೇಳಿದ್ದೀರಿ. ಹೋದ ವರ್ಷ ಯುಗಾದಿಗೆ ನಾವೂ ಇದನ್ನೇ ಮಾಡಿದ್ದು. ಊರಿನ ಹೆಸರು, ಹಬ್ಬದ ಹೆಸರು ಬಿಟ್ಟರೆ ನಿಮ್ಮ ಪ್ಲಾನ್ ನಮ್ಮದೇ.

2021ರ ಏಪ್ರಿಲ್ ಕ್ಯಾಲೆಂಡರ್ ನನಗೆ ಬಾಯಿಪಾಠ. 10 ಎರಡನೇ ಶನಿವಾರ, 11 ಭಾನುವಾರ, 13 ಯುಗಾದಿ, 14 ಅಂಬೇಡ್ಕರ್ ಜಯಂತಿ. ಮಧ್ಯದ ಸೋಮವಾರ ಒಂದು ರಜೆ ಹಾಕಿದರೆ ಒಟ್ಟು ಐದು ದಿನ. ಒಂದು ವರ್ಷದಿಂದ ಎರಡು ರೂಮಿನ ಮನೆಯಲ್ಲಿ ಮೂರು ಜನ, ಮೂರು ಸ್ಕ್ರೀನ್ ಮುಂದೆ ಕೂತಿದ್ದೆವು. ಮಗಳು ಒಂದನೇ ಕ್ಲಾಸ್ ಪೂರ್ತಿ ಫೋನಿನಲ್ಲೇ ಮುಗಿಸಿದ್ದಳು. ಸಕಲೇಶಪುರದ ಹತ್ತಿರ ಒಂದು ಹೋಂಸ್ಟೇ ಸಿಕ್ತು. ಅಲ್ಲಿ ಎರಡು ರಾತ್ರಿ, ಆಮೇಲೆ ಹಾಸನ, ಅರಸೀಕೆರೆ ಮೇಲೆ ತಿಪಟೂರಿನ ಹತ್ತಿರ ಇರುವ ನಮ್ಮೂರಿಗೆ. ಅಪ್ಪ ಅಮ್ಮನನ್ನು ನೋಡಿ ಎಂಟು ತಿಂಗಳಾಗಿತ್ತು.

ಅದೇ 10ನೇ ತಾರೀಖು ರಾತ್ರಿಯಿಂದ ಬೆಂಗಳೂರು, ಮೈಸೂರು, ಮಂಗಳೂರು ಸೇರಿ ಕೆಲವು ನಗರಗಳಲ್ಲಿ ರಾತ್ರಿ ಕರ್ಫ್ಯೂ ಅಂತ ಆಯ್ತು. ಸಕಲೇಶಪುರದ ಹೆಸರು ಅದರಲ್ಲಿ ಇರಲಿಲ್ಲ. ಕರ್ಫ್ಯೂ ಇಲ್ಲ ಅಂದ್ರೆ ಅಲ್ಲಿ ಕೊರೊನಾ ಕಮ್ಮಿ, ಒಳ್ಳೇ ಜಾಗಕ್ಕೇ ಹೋಗ್ತಿದ್ದೀವಿ ಅಂದುಕೊಂಡೆವು. ಹೋಗಿ ನೋಡಿದರೆ ಅಂಗಳದಲ್ಲಿ ನಿಂತಿದ್ದ ಆರು ಕಾರಿನಲ್ಲಿ ಐದು ಕೆಎ 01ರಿಂದ 05ರ, ಅಂದರೆ ಬೆಂಗಳೂರಿನ ನಂಬರಿನವು. ನಮ್ಮ ಹಾಗೇ ಯೋಚನೆ ಮಾಡಿದವರೆಲ್ಲ ಅಲ್ಲಿಗೇ ಬಂದಿದ್ದರು.

ನಾವು ಅಜಾಗರೂಕರೇನೂ ಅಲ್ಲ. ಗುರುವಾರ ಬೆಳಿಗ್ಗೆ ಮೂರೂ ಜನ ಲ್ಯಾಬಿಗೆ ಹೋಗಿ ಸ್ವಾಬ್ ಕೊಟ್ಟಿದ್ದೆವು. ಶುಕ್ರವಾರ ಸಂಜೆ ವಾಟ್ಸಾಪ್‌ನಲ್ಲಿ ಬಂತು, ಮೂರೂ ನೆಗೆಟಿವ್. ಯಾರೂ ಕೇಳಿರಲಿಲ್ಲ. ಸುಮ್ನೆ ಮನೆಯವರಿಗೋಸ್ಕರ ಅಂತ ಮಾಡಿಸಿದ್ದು.

ಶನಿವಾರ ರಾತ್ರಿ ಹೋಂಸ್ಟೇಯಲ್ಲಿ ಬೆಂಕಿ ಹಾಕಿದ್ದರು. ಹದಿನೈದು ಜನ ಸುತ್ತ ಕೂತಿದ್ದೆವು. ಮೊದಲು ಎಲ್ಲರ ಮಾಸ್ಕೂ ಗಲ್ಲದ ಮೇಲಿತ್ತು, ಊಟ ಬಂದ ಮೇಲೆ ಜೇಬಿಗೆ ಹೋಯ್ತು. ನಮ್ಮ ಪಕ್ಕದ ಮನುಷ್ಯ ಆಗಾಗ ಕೆಮ್ಮುತ್ತಿದ್ದರು. ಹೊಗೆ ಅವರ ಕಡೆಗೇ ಬರ್ತಿತ್ತು. ‘ಈ ಕಡೆ ಬನ್ನಿ ಸಾರ್, ಅಲ್ಲಿ ಹೊಗೆ ಜಾಸ್ತಿ’ ಅಂತ ನಾನೇ ಕರೆದು ಜಾಗ ಕೊಟ್ಟೆ.

ಸೋಮವಾರ ಸಂಜೆ ಊರು ಮುಟ್ಟಿದೆವು. ಇಲ್ಲಿಂದ ಮುಂದೆ ನಿಧಾನವಾಗಿ ಓದಿ.

ಅಪ್ಪ ಗೇಟಿನ ಹತ್ತಿರವೇ ನಿಂತಿದ್ದರು. ತೋಟದ ಮನೆ ಗುಡಿಸಿ, ಕೊಬ್ಬರಿ ಮೂಟೆ ಒಂದು ಮೂಲೆಗೆ ಸರಿಸಿ, ಮೂರು ಹಾಸಿಗೆ ಹಾಸಿಟ್ಟಿದ್ದರಂತೆ. ‘ಅಳಿಯಂದಿರೂ ನೀವೂ ಎರಡು ದಿನ ಅಲ್ಲಿರಿ ಕಣವ್ವ. ಊಟ ಜಗುಲೀಲಿ ದೂರ ದೂರ ಕೂತು ಮಾಡಾನ. ಒಳಗೆ ಅತ್ತಿಗೆ ಅವ್ರೆ, ವಯಸ್ಸಾಗೈತೆ’ ಅಂದರು. ಅತ್ತಿಗೆ ಅಂದರೆ ನಮ್ಮ ದೊಡ್ಡಮ್ಮ. ದೊಡ್ಡಪ್ಪ ತೀರಿಕೊಂಡ ಮೇಲೆ ಅವರೂ, ಅವರ ಮಗನೂ ಅಪ್ಪನ ಜೊತೆಗೇ ಇದ್ದರು. ನನ್ನನ್ನು ಎತ್ತಿ ಆಡಿಸಿದವರು. ಆಗ ಅವರಿಗೆ 71.

ನಾನು ಫೋನ್ ತೆಗೆದು ರಿಪೋರ್ಟ್ ತೋರಿಸಿದೆ. ‘ಟೆಸ್ಟ್ ಮಾಡಿಸ್ಕೊಂಡೇ ಬಂದಿದ್ದೀವಿ ಅಪ್ಪಾಜಿ, ನೋಡಿ.’ ಅಪ್ಪ ಕನ್ನಡಕ ಹಾಕ್ಕೊಂಡು ಫೋನನ್ನು ದೂರ ಹಿಡಿದು ಓದಿದರು. ‘ನೆಗೆಟಿವ್ ಅಂದ್ರೆ ಇಲ್ಲ ಅಂತ ತಾನೇ?’ ಅಂದರು. ನಾನು ‘ಹೂಂ, ಇಲ್ಲ ಅಂತ’ ಅಂದೆ. ಒಳಗಿಂದ ದೊಡ್ಡಮ್ಮ, ‘ರಿಪೋಟು ಚೆನ್ನಾಗಿ ಬಂದೈತಂತೆ, ಮಗೀನ ಯಾಕೆ ತೋಟದಲ್ಲಿ ಮಲಗಿಸ್ತೀರಾ’ ಅಂದರು. ಹಾಸಿಗೆಗಳು ತೋಟದ ಮನೆಯಲ್ಲೇ ಉಳಿದವು. ನಾವು ನಡುಮನೆಯಲ್ಲಿ ಮಲಗಿದೆವು.

ಯುಗಾದಿ ಬೆಳಿಗ್ಗೆ ಎಣ್ಣೆ ನೀರು. ನಮ್ಮ ಬಚ್ಚಲುಮನೆ ನೀವು ನೋಡಿಲ್ಲ, ಹೇಳ್ತೀನಿ. ಆರು ಅಡಿಗೆ ಆರು ಅಡಿ. ಅಂಗೈಯಗಲದ ಒಂದು ಗವಾಕ್ಷಿ. ಮೂಲೆಯಲ್ಲಿ ಹಂಡೆ, ಕೆಳಗೆ ತೆಂಗಿನ ಮಟ್ಟೆಯ ಉರಿ. ಚಳಿ ಬಡಿಯುತ್ತೆ ಅಂತ ದೊಡ್ಡಮ್ಮ ಬಾಗಿಲು ಹಾಕಿದರು. ಹರಳೆಣ್ಣೆ ಬೆಚ್ಚಗೆ ಮಾಡಿ ನನ್ನ ನೆತ್ತಿಗೆ ತಟ್ಟಿದರು. ನನಗೆ ನಲವತ್ತು ಹತ್ತಿರ ಬಂದರೂ ಈ ಒಂದು ದಿನ ಅವರ ಕೈಯಲ್ಲೇ ಆಗಬೇಕು. ನಾನು ಮಣೆ ಮೇಲೆ ಕೂತು ಮಾತಾಡ್ತಾನೇ ಇದ್ದೆ. ಎಂಟು ತಿಂಗಳ ಮಾತು. ಅವರು ಬಗ್ಗಿ, ನನ್ನ ಮುಖದ ಹತ್ತಿರ ಮುಖ ತಂದು ಹಣೆಗೆ, ಕೆನ್ನೆಗೆ ಎಣ್ಣೆ ಸವರುತ್ತಾ ಕೇಳ್ತಿದ್ದರು. ಅರ್ಧ ಗಂಟೆ ಆಗಿರಬಹುದು. ಆವಿ ತುಂಬಿ ಗೋಡೆಯೆಲ್ಲ ಬೆವರಿತ್ತು.

14ರ ಮಧ್ಯಾಹ್ನ ವರ್ಷತೊಡಕಿನ ಊಟ ಮುಗಿಸಿ ಬೆಂಗಳೂರಿಗೆ ಬಂದೆವು. 15ಕ್ಕೆ ನನಗೆ ಮೈಕೈ ನೋವು. 16ರ ಬೆಳಿಗ್ಗೆ ಕಾಫಿ ಲೋಟ ಮೂಗಿನ ಹತ್ತಿರ ಹಿಡಿದರೆ ಬಿಸಿ ಗೊತ್ತಾಗ್ತಿದೆ, ವಾಸನೆ ಇಲ್ಲ. 17ಕ್ಕೆ ಪಾಸಿಟಿವ್.

ಈಗ ನನ್ನ ತಪ್ಪು ಎಲ್ಲಿ ಅಂತ ಹೇಳ್ತೀನಿ. ಒಂಬತ್ತು ತಿಂಗಳಿಂದ ಇದನ್ನೇ ಬೆರಳಲ್ಲಿ ಎಣಿಸಿಕೊಂಡು ಕೂತಿದ್ದೀನಿ, ಅದಕ್ಕೆ ಸ್ವಲ್ಪ ಉದ್ದ ಆಗುತ್ತೆ. ಎಲ್ಲರೂ ‘ಟ್ರಿಪ್ ಹೋಗಿದ್ದೇ ತಪ್ಪು’ ಅಂತಾರೆ. ಟ್ರಿಪ್ಪಿನಿಂದ ನನಗೆ ಬಂದಿದ್ದು ನಾಲ್ಕು ದಿನದ ಜ್ವರ. ಆ ರಿಪೋರ್ಟನ್ನು ಅಪ್ಪನ ಕಣ್ಣ ಮುಂದೆ ಹಿಡಿದೆನಲ್ಲ, ತಪ್ಪು ಅಲ್ಲಿದೆ. ಆ ರಿಪೋರ್ಟ್ ಹೇಳಿದ್ದು ಗುರುವಾರ ಬೆಳಿಗ್ಗೆ ನನ್ನ ಮೂಗು ಗಂಟಲು ಹೇಗಿತ್ತು ಅನ್ನೋದನ್ನು ಮಾತ್ರ. ನನಗೆ ಅಂಟಿದ್ದು ಬಹುಶಃ ಶನಿವಾರ ರಾತ್ರಿ, ಬೆಂಕಿಯ ಹತ್ತಿರ. ಗುರುವಾರದ ಕಾಗದಕ್ಕೆ ಶನಿವಾರದ ವಿಷಯ ಹೇಗೆ ಗೊತ್ತಿರುತ್ತೆ? ಸರಿ, ಸೋಮವಾರ ಊರಿಗೆ ಹೊರಡೋ ಮುಂಚೆ ಹಾಸನದಲ್ಲಿ ಇನ್ನೊಂದು ಟೆಸ್ಟ್ ಮಾಡಿಸಿದ್ದರೆ? ಆಗಲೂ ನೆಗೆಟಿವ್ ಬರುವ ಸಾಧ್ಯತೆಯೇ ಜಾಸ್ತಿ. ವೈರಸ್ ಒಳಗೆ ಹೋದ ಮೊದಲ ಒಂದೆರಡು ದಿನ ಸ್ವಾಬಿಗೆ ಸಿಗುವಷ್ಟು ಬೆಳೆದಿರೋದಿಲ್ಲ. ಲಕ್ಷಣ ಕಾಣೋಕೆ ಸಾಮಾನ್ಯವಾಗಿ ಐದು ದಿನದ ಆಸುಪಾಸು, ಕೆಲವರಿಗೆ 14 ದಿನದವರೆಗೂ ಬೇಕು. ಆದರೆ ಲಕ್ಷಣ ಕಾಣೋ ಒಂದೆರಡು ದಿನ ಮೊದಲೇ ನಮ್ಮ ಉಸಿರಿನಿಂದ ಹರಡೋಕೆ ಶುರು. ಶನಿವಾರ ಅಂಟಿದ್ದು, ಗುರುವಾರ ನೋವು ಶುರು, ಮಧ್ಯೆ ಮಂಗಳವಾರ. ಬಚ್ಚಲುಮನೆ. ನನ್ನ ಮೈ ಗಟ್ಟಿಮುಟ್ಟಾಗಿತ್ತು, ನಾನು ನಗ್ತಾ ಮಾತಾಡ್ತಿದ್ದೆ, ಆಗಲೇ ಅತಿ ಹೆಚ್ಚು ಅಪಾಯದ ಮನುಷ್ಯಳಾಗಿದ್ದೆ.

ಚೆಕ್‌ಪೋಸ್ಟಿನಲ್ಲಿ 72 ಗಂಟೆಯೊಳಗಿನ ರಿಪೋರ್ಟ್ ಕೇಳ್ತಿದ್ದರಲ್ಲ, ಅದರಿಂದ ನಮ್ಮ ತಲೆಯಲ್ಲಿ ಮೂರು ದಿನ ಅದಕ್ಕೆ ಜೀವ ಇರುತ್ತೆ ಅಂತ ಕೂತುಬಿಟ್ಟಿದೆ. ಅದು ಗಡಿ ದಾಟೋರಿಗೆ ಮಾಡಿದ ನಿಯಮ. ಮನೆ ಹೊಸಿಲು ದಾಟೋಕೆ ಅದು ಸಾಲದು. 2021ರ ಡಿಸೆಂಬರ್ 2ಕ್ಕೆ ಕೊರೊನಾದ ಹೊಸ ತಳಿ ಓಮಿಕ್ರಾನ್‌ನ ದೇಶದ ಮೊದಲ ಎರಡು ಕೇಸು ಬೆಂಗಳೂರಿನಲ್ಲೇ ಸಿಕ್ಕವು ಅಂತ ಹೇಳಿದರಲ್ಲ, ಇಬ್ಬರಿಗೂ ಎರಡೂ ಡೋಸ್ ಆಗಿತ್ತು. ಅದರಲ್ಲಿ ಒಬ್ಬರು ದಕ್ಷಿಣ ಆಫ್ರಿಕಾದಿಂದ ನೆಗೆಟಿವ್ ರಿಪೋರ್ಟ್ ಹಿಡಿದೇ ಬಂದಿದ್ದರು. ಇಲ್ಲಿ ಇಳಿದ ಮೇಲೆ ಟೆಸ್ಟ್ ಮಾಡಿದರೆ ಪಾಸಿಟಿವ್. ಆ ಸುದ್ದಿ ಓದಿದ ದಿನ ನಾನು ಊಟ ಮಾಡಲಿಲ್ಲ.

ರಿಪೋರ್ಟ್ ಇಲ್ಲದೇ ಹೋಗಿದ್ದರೆ ನಾವು ತೋಟದ ಮನೆಯಲ್ಲಿ ಮಲಗ್ತಿದ್ದೆವು. ಟೆಸ್ಟ್ ಮಾಡಿಸಿದ್ದಕ್ಕೇ ಮನೆಯೊಳಗೆ ಹೋದೆವು. ಇದು ನನಗೆ ಈಗಲೂ ಅರಗಿಲ್ಲ.

ದೊಡ್ಡಮ್ಮನಿಗೆ 18ಕ್ಕೆ ಜ್ವರ ಬಂತು. ಮಾರ್ಚ್ ಕೊನೆಯಲ್ಲಿ ಮೊದಲ ಡೋಸ್ ಆಗಿತ್ತು, ಎರಡನೆಯದು ಮೇ ತಿಂಗಳಲ್ಲಿತ್ತು. ಅಪ್ಪ ಅಮ್ಮನಿಗೂ ಬಂತು, ಮನೆಯಲ್ಲೇ ವಾಸಿಯಾಯ್ತು. ದೊಡ್ಡಮ್ಮನಿಗೆ 25ಕ್ಕೆ ಉಸಿರು ಕಟ್ಟೋಕೆ ಶುರುವಾಗಿ ತುಮಕೂರಿಗೆ ಕರ್ಕೊಂಡು ಹೋದರು. ಅಣ್ಣ, ಅಂದರೆ ಅವರ ಮಗ, ಅರ್ಧ ದಿನ ಆಂಬುಲೆನ್ಸ್‌ನಲ್ಲೇ ಅವರನ್ನು ಮಲಗಿಸಿಕೊಂಡು ಸುತ್ತಿದ ಮೇಲೆ ಒಂದು ಬೆಡ್ ಸಿಕ್ತು. ಅದಾಗಿ ಎರಡು ದಿನಕ್ಕೆ ಲಾಕ್‌ಡೌನ್ ಆಗಿ ರಾಜ್ಯ ಪೂರ್ತಿ ಬಂದ್ ಆಯ್ತು. ಮೇ 3ಕ್ಕೆ ಚಾಮರಾಜನಗರದ ಸುದ್ದಿ ಬಂತಲ್ಲ, ಆಸ್ಪತ್ರೆಯಲ್ಲಿ 24 ಜನ ಹೋದರು ಅಂತ, ಅವತ್ತು ರಾತ್ರಿಯೆಲ್ಲ ಅಣ್ಣ ಹೊರಗೆ ಕಾರಿನಲ್ಲಿ ಕೂತು ಒಳಗಿದ್ದ ನರ್ಸಮ್ಮನಿಗೆ ಫೋನ್ ಮಾಡಿ ಆಕ್ಸಿಜನ್ ಇದೆಯಾ, ಆಕ್ಸಿಜನ್ ಇದೆಯಾ ಅಂತ ಕೇಳ್ತಿದ್ದನಂತೆ. ಇತ್ತು. ಅದನ್ನು ತಗೊಳ್ಳೋ ಶಕ್ತಿ ದೊಡ್ಡಮ್ಮನ ಶ್ವಾಸಕೋಶದಲ್ಲಿ ಉಳಿದಿರಲಿಲ್ಲ. 5ರ ಬೆಳಗಿನ ಜಾವ ಹೋದರು. ಆ ದಿನದ ಬುಲೆಟಿನ್‌ನಲ್ಲಿ ರಾಜ್ಯದಲ್ಲಿ 50,112 ಹೊಸ ಕೇಸು ಅಂತಿತ್ತು. ಮಣ್ಣು ಮಾಡಿದ್ದನ್ನು ನಾನು ಫೋನಿನಲ್ಲಿ ನೋಡಿದೆ. ನೆಟ್‌ವರ್ಕ್ ಎರಡು ಸಲ ಹೋಯ್ತು.

ಅಣ್ಣ ಇವತ್ತಿನವರೆಗೂ ನನ್ನನ್ನು ಒಂದು ಮಾತೂ ಅಂದಿಲ್ಲ. ದೊಡ್ಡಮ್ಮ ಜ್ವರ ಬರೋ ಮುಂಚಿನ ಹದಿನೈದು ದಿನ ಮನೆಯ ಗೇಟು ದಾಟಿರಲಿಲ್ಲ, ಹೊರಗಿಂದ ಬಂದವರು ನಾವು ಮೂರೇ ಜನ. ಅದು ಅವನಿಗೂ ಗೊತ್ತು.

ನಿಮ್ಮ ವಿಷಯಕ್ಕೆ ಬರ್ತೀನಿ. ‘ಹೋದರೆ ನಮಗೇನಾದರೂ ಆಗುತ್ತಾ’ ಅಂತ ಕೇಳಿದ್ದೀರಿ. ನಿಮಗೆ ಎರಡು ಡೋಸ್ ಆಗಿದೆ, ಮೂವತ್ತರ ಆಸುಪಾಸು, ನಿಮಗೆ ದೊಡ್ಡದೇನೂ ಆಗದೇ ಇರಬಹುದು. ಆದರೆ ಈ ಪ್ರಶ್ನೆಯೇ ನನಗೆ ಸರಿ ಕಾಣ್ತಿಲ್ಲ. ನಿಮ್ಮ ಕೊನೆಯ ಸಾಲಿನಲ್ಲಿ, ಸುಮ್ನೆ ಸೇರಿಸಿದ ಹಾಗೆ, ಅಮ್ಮನಿಗೆ ಹತ್ತು ವರ್ಷದಿಂದ ಶುಗರ್ ಇದೆ ಅಂತ ಬರೆದಿದ್ದೀರಿ. ಅದನ್ನು ಮೊದಲು ಇಟ್ಟುಕೊಂಡು ಯೋಚನೆ ಮಾಡಿ. 14 ಸಾವಿರ ಆಮೇಲೆ. ನಾವು 9 ಸಾವಿರ ಕಟ್ಟಿದ್ದೆವು, ಹೋಗದಿದ್ದರೆ ವೇಸ್ಟ್ ಅಂತ ನಾನೇ ಗಂಡನ ಹತ್ತಿರ ವಾದ ಮಾಡಿದ್ದೆ.

‘ರೆಸಾರ್ಟ್ ಬಿಟ್ಟು ಹೊರಗೇ ಹೋಗಲ್ಲ, ಯಾರನ್ನೂ ಮುಟ್ಟಲ್ಲ’ ಅಂತಲೂ ಬರೆದಿದ್ದೀರಿ. ಅಡುಗೆ ಯಾರು ಮಾಡ್ತಾರೆ? ಹಾಸಿಗೆ ಯಾರು ಬದಲಾಯಿಸ್ತಾರೆ? ನನಗೆ ಪಾಸಿಟಿವ್ ಬಂದ ದಿನ ಹೋಂಸ್ಟೇಗೆ ಫೋನ್ ಮಾಡಿ ತಿಳಿಸಿದೆ. ಅಕ್ಕಿರೊಟ್ಟಿ ತಟ್ಟಿ ಕೊಡ್ತಿದ್ದ ಹೆಂಗಸಿಗೆ ಎರಡು ದಿನದಿಂದ ಜ್ವರ, ಕೆಲಸಕ್ಕೆ ಬಂದಿಲ್ಲ ಅಂದರು. ನಮ್ಮಿಂದ ಹೋಯ್ತೋ, ಪಕ್ಕದ ರೂಮಿನವರಿಂದ ಹೋಯ್ತೋ. ಮಗಳಿಗೆ ಅಂತ ಸಣ್ಣ ರೊಟ್ಟಿ ಬೇರೆ ಮಾಡಿ ಕೊಟ್ಟಿದ್ದರು. ಆಮೇಲೆ ಅವರು ಏನಾದರು ಅಂತ ಮತ್ತೆ ಫೋನ್ ಮಾಡಿ ಕೇಳೋ ಧೈರ್ಯ ನನಗೆ ಬರಲಿಲ್ಲ.

ನನ್ನನ್ನು ಕೇಳಿದರೆ ಈ ತಿಂಗಳು ರೆಸಾರ್ಟ್ ಬೇಡ. ಕೇಸು ಹೀಗೆ ಏರ್ತಿರುವಾಗ, ಇರೋ ಬರೋ ಊರಿನವರೆಲ್ಲ ಒಂದೇ ಡೈನಿಂಗ್ ಹಾಲಿನಲ್ಲಿ ಕೂತು ತಿನ್ನೋ ಜಾಗಕ್ಕೆ ಮಜಾ ಮಾಡೋಕೆ ಹೋಗೋದು ನನಗೆ ಒಪ್ಪಿಗೆಯಿಲ್ಲ. ಇಷ್ಟಾದ ಮೇಲೂ ಹೋಗೇ ಹೋಗ್ತೀವಿ ಅಂದರೆ ಕೈ ಮುಗಿದು ಒಂದು ಮಾತು ಕೇಳ್ತೀನಿ: ಅಲ್ಲಿಂದ ಸೀದಾ ಊರಿಗೆ ಮಾತ್ರ ಹೋಗಬೇಡಿ. ಬೆಂಗಳೂರಿಗೆ ಬಂದುಬಿಡಿ. ಹಬ್ಬ ಈ ಸಲ ವಿಡಿಯೋ ಕಾಲ್‌ನಲ್ಲಿ ಆಗಲಿ. ಊರು ಮುಖ್ಯ ಅನ್ನಿಸಿದರೆ ಈಗಿನಿಂದಲೇ ಮನೆಯಲ್ಲಿರಿ, ಆಫೀಸಿಗೂ ಹೋಗಬೇಡಿ, ಹೊರಡೋ ದಿನ ಟೆಸ್ಟ್ ಮಾಡಿಸಿ, ಸ್ವಂತ ಗಾಡಿಯಲ್ಲಿ ಎಲ್ಲೂ ನಿಲ್ಲದೇ ಊರಿಗೆ ಹೋಗಿ. ಹೋದ ಮೇಲೂ ಎರಡು ದಿನ ಜಗುಲಿಯಲ್ಲೇ ಊಟ ಮಾಡಿ, ಕಿಟಕಿ ಬಾಗಿಲು ತೆಗೆದಿಡಿ. ಅಮ್ಮ ‘ಬಾ ಒಳಗೆ, ಏನಾಗಲ್ಲ’ ಅಂತಾರೆ. ಎಲ್ಲ ಅಮ್ಮಂದಿರೂ ಅಂತಾರೆ. ಹೋಗಬೇಡಿ.

ಅಮ್ಮ 60 ದಾಟಿದ್ದರೆ, ಎರಡನೇ ಡೋಸ್ ಆಗಿ ಒಂಬತ್ತು ತಿಂಗಳಾಗಿದ್ದರೆ, 2022ರ ಜನವರಿ 10ರಿಂದ ಮುನ್ನೆಚ್ಚರಿಕೆ ಡೋಸ್, ಅಂದರೆ ಮೂರನೇ ಡೋಸ್ ಕೊಡೋಕೆ ಶುರು ಮಾಡಿದ್ದಾರೆ. ಶುಗರ್ ಇದ್ದವರು ತಗೊಳ್ಳಬಹುದು. ಅದನ್ನು ಮೊದಲು ಕೊಡಿಸಿ.

ನಾವು ಈ ಸಂಕ್ರಾಂತಿಗೆ ಊರಿಗೆ ಹೋಗ್ತಿಲ್ಲ. ಫೆಬ್ರವರಿಯಲ್ಲಿ ಕೇಸು ಇಳಿದರೆ ಹೋಗ್ತೀವಿ. ಅಪ್ಪ ತೋಟದ ಮನೆಗೆ ಸುಣ್ಣ ಹೊಡೆಸಿ, ಲೈಟ್ ಹಾಕಿಸಿದ್ದಾರೆ. ಹಾಸಿಗೆ ಬಿಸಿಲಿಗೆ ಹಾಕಿ ಮಡಿಸಿಟ್ಟಿದ್ದೀನಿ ಅಂತ ನಿನ್ನೆ ಫೋನಿನಲ್ಲಿ ಹೇಳಿದರು. ಹೋದ ಮೇಲೆ ಮೊದಲ ವಾರ ಅಲ್ಲೇ ಇರ್ತೀವಿ, ಕೈಯಲ್ಲಿ ಯಾವ ರಿಪೋರ್ಟ್ ಇದ್ದರೂ ಸರಿ.

ರೆಸಾರ್ಟಿನವರಿಗೆ ಇವತ್ತೇ ಫೋನ್ ಮಾಡಿ ದಿನ ಮುಂದಕ್ಕೆ ಹಾಕಿಕೊಡ್ತಾರಾ ಕೇಳಿ. ದುಡ್ಡು ಕೊಡಲ್ಲ ಅನ್ನೋರು ಎಷ್ಟೋ ಸಲ ತಾರೀಖು ಬದಲಾಯಿಸಿ ಕೊಡ್ತಾರೆ. ಏನಾಯ್ತು ಅಂತ ಇಲ್ಲೇ ಕೆಳಗೆ ಬರೀರಿ, ನಾನು ನೋಡ್ತಿರ್ತೀನಿ.