ಕಳಿಸಿದ್ದು ಲಿಂಕಾ, ಫೈಲಾ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧ ಒಂದೇ ಪ್ರಶ್ನೆ. ಒಮ್ಮೆ ಉದ್ದಕ್ಕೆ ಬರೆದು ಕೈ ತೊಳೆದುಕೊಳ್ಳುತ್ತೇನೆ.

ಪ್ರಶ್ನೆ: ಮೇಡಂ, ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ 180 ಜನ ಇದ್ದೇವೆ. ಯೂಟ್ಯೂಬಿನ ಅಡುಗೆ ವಿಡಿಯೊ ಒಂದನ್ನು ಹಾಕಿದೆ. ಅದು ಕಾಪಿರೈಟ್ ಉಲ್ಲಂಘನೆ ಅಂತ ಸೆಕ್ರೆಟರಿ ಹೆದರಿಸುತ್ತಿದ್ದಾರೆ. ನಾನು ದುಡ್ಡು ಮಾಡಿಲ್ಲ, ಚಾನೆಲ್ ಹೆಸರೂ ಬರೆದಿದ್ದೆ. (ಜಯನಗರದಿಂದ)

ಉತ್ತರ: ‘ಹಾಕಿದೆ’ ಅಂದರೆ ಏನು ಹಾಕಿದಿರಿ? ಲಿಂಕಾ, ಫೈಲಾ? ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆಯುತ್ತೀರಿ.

ಲಿಂಕ್ ಆದರೆ ಆರಾಮಾಗಿರಿ. ನೋಡುವವರು ಮಾಡಿದವರ ಪುಟಕ್ಕೇ ಹೋಗಿ ನೋಡುತ್ತಾರೆ, ವ್ಯೂ ಅವರಿಗೆ, ಜಾಹೀರಾತಿನ ಕಾಸೂ ಅವರಿಗೆ, ಬೇಡ ಅನ್ನಿಸಿದ ದಿನ ಅವರು ವಿಡಿಯೊ ತೆಗೆದರೆ ನಿಮ್ಮ ಲಿಂಕೂ ಸತ್ತುಹೋಗುತ್ತದೆ. ಇದನ್ನೂ ಕಳ್ಳತನದ ಲೆಕ್ಕಕ್ಕೆ ಸೇರಿಸಬೇಕು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕದ್ದ ಸಿನಿಮಾದ ಟೆಲಿಗ್ರಾಂ ಲಿಂಕ್ ಮಾತ್ರ ಬೇರೆ. ಕದ್ದದ್ದು ಅಂತ ಗೊತ್ತಿದ್ದೂ ಕಳಿಸಿದರೆ ಅದು ಕುಮ್ಮಕ್ಕು, ಕಾಯ್ದೆಯಲ್ಲಿ ಅದಕ್ಕೂ ಶಿಕ್ಷೆ ಇದೆ.

ಯಾವುದೋ ಆ್ಯಪಿನಲ್ಲಿ ಇಳಿಸಿಕೊಂಡು ಫೈಲನ್ನೇ ಕಳಿಸಿದ್ದರೆ ಸೆಕ್ರೆಟರಿ ಹೇಳಿದ್ದು ಸರಿ. ಪ್ರತಿ ಮಾಡಿದಿರಿ, 180 ಜನಕ್ಕೆ ಹಂಚಿದಿರಿ. 1957ರ ಕಾಪಿರೈಟ್ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಇವೆರಡೂ ಮಾಲೀಕರ ಹಕ್ಕು. ಬರೀ ಬಿಸಿಬೇಳೆಬಾತಿನ ವಿಡಿಯೊ ಅಲ್ವಾ ಅನ್ನಬೇಡಿ, ಕಾಯ್ದೆಯ ಕಣ್ಣಿಗೆ ಅದೂ ಸಿನಿಮಾನೇ. ಹಕ್ಕು ಸಿಗಲು ಅವರು ವಿಡಿಯೊವನ್ನು ನೋಂದಣಿ ಮಾಡಿಸಿರಬೇಕು ಅಂತೇನೂ ಇಲ್ಲ. ಇನ್ನು ಹೆಸರು ಬರೆದದ್ದು: ಪಕ್ಕದ ಮನೆಯವರ ಸ್ಕೂಟರನ್ನು ಕೇಳದೆ ತೆಗೆದುಕೊಂಡು ಹೋಗಿ, ‘ಇದು ಅವರದು’ ಅಂತ ಚೀಟಿ ಅಂಟಿಸಿದರೆ ಆಯಿತಾ?

ಸ್ವಂತ ಬಳಕೆಗೆ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ, ನಿಜ. ಆದರೆ 180 ಜನರ ಗ್ರೂಪನ್ನು ಸ್ವಂತದ್ದು ಅಂತ ಜಡ್ಜ್ ಮುಂದೆ ವಾದಿಸುವ ಧೈರ್ಯ ನನಗಿಲ್ಲ.

ದುಡ್ಡು ಮಾಡಿಲ್ಲ ಅನ್ನುವುದು ಜಾಸ್ತಿ ಕಾಪಾಡುವುದಿಲ್ಲ. ಗೊತ್ತಿದ್ದೂ ಉಲ್ಲಂಘಿಸಿದರೆ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕೆ ಮಾಡಿದ್ದಲ್ಲ ಅಂತ ಕಂಡರೆ ಜಡ್ಜ್ ಶಿಕ್ಷೆ ಇಳಿಸಬಹುದು, ಆದರೆ ಅದು ವರ್ಷಗಟ್ಟಲೆ ಅಲೆದಾಡಿದ ಮೇಲಿನ ಮಾತು. 2022ರಲ್ಲಿ ಸುಪ್ರೀಂ ಕೋರ್ಟ್ ಈ ಅಪರಾಧ ಜಾಮೀನುರಹಿತ ಅಂದಿದೆ, ವಾರಂಟ್ ಇಲ್ಲದೆಯೂ ಪೊಲೀಸರು ಹಿಡಿಯಬಹುದು. ಬಿಡುಗಡೆಯ ದಿನವೇ ಸಿನಿಮಾ ಕದ್ದು ಮಾರುವವನಿಗೂ ರೆಸಿಪಿ ಕಳಿಸಿದ ಆಂಟಿಗೂ ಒಂದೇ ಸೆಕ್ಷನ್! ನನ್ನನ್ನು ಕೇಳಿದರೆ ಇದು ಅತಿಯಾಯಿತು. ಆಂಟಿಯ ಹತ್ತಿರ ವಿಡಿಯೊ ತೆಗೆಸಲಿ, ನಷ್ಟ ಆಗಿದ್ದರೆ ಕಟ್ಟಿಸಿಕೊಳ್ಳಲಿ, ಜೈಲು ಯಾಕೆ? ಅಂಥ ಆಂಟಿಯ ಮೇಲೆ ಕೇಸು ಬಿದ್ದದ್ದನ್ನು ನಾನಂತೂ ನೋಡಿಲ್ಲ. ಆದರೂ ಕೋರ್ಟ್ ಕಾರಿಡಾರಿನಲ್ಲಿ ಕೂದಲು ನೆರೆತವಳು, ನನ್ನ ಮನೆಯವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ಫೈಲ್ ಅಳಿಸಿ, ಲಿಂಕ್ ಹಾಕಿ. ಎರಡು ನಿಮಿಷದ ಕೆಲಸ.

ಪ್ರಶ್ನೆ: ಗಣೇಶನ ಪೆಂಡಾಲಿನಲ್ಲಿ ಪ್ರೊಜೆಕ್ಟರ್ ಇಟ್ಟು ಓಟಿಟಿ ಸಿನಿಮಾ ತೋರಿಸಬಹುದಾ? ಟಿಕೆಟ್ ಇಲ್ಲ. (ರಾಜಾಜಿನಗರದಿಂದ)

ಉತ್ತರ: ಒಪ್ಪಿಗೆ ಪಡೆಯದೆ ಆಗುವುದಿಲ್ಲ. ದೇವರ ಕಾರ್ಯಕ್ಕೆ ಇರುವ ವಿನಾಯಿತಿ ಹಾಡಿಗೆ, ನಾಟಕಕ್ಕೆ. ಸಿನಿಮಾ ಅದರಲ್ಲಿ ಸೇರಿಲ್ಲ.

ಪ್ರಶ್ನೆ: ಬೇರೆಯವರ ವಿಡಿಯೊವನ್ನು 10 ಸೆಕೆಂಡ್ ಬಳಸಿದರೆ ತೊಂದರೆ ಇಲ್ಲವಂತೆ, ವಿಡಿಯೊ ತಿರುಗಿಸಿ ದನಿ ಏರಿಸಿದರೆ ಸಿಕ್ಕಿಬೀಳುವುದಿಲ್ಲವಂತೆ, ಕೋರ್ಸಿನಲ್ಲಿ ಹೇಳಿಕೊಟ್ಟರು. (ಯಲಹಂಕದಿಂದ)

ಉತ್ತರ: ಆ ಕೋರ್ಸಿನ ಫೀಸು ವಾಪಸ್ ಕೇಳಿ. ಸೆಕೆಂಡಿನ ಲೆಕ್ಕ ನಮ್ಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ತಿರುಗಿಸುವುದು ಮುರುಗಿಸುವುದು ನಕಲು ಹಿಡಿಯುವ ಯೂಟ್ಯೂಬಿನ ಯಂತ್ರಕ್ಕೆ ಮಣ್ಣೆರಚುವ ಉಪಾಯ ಅಷ್ಟೇ. ಕೋರ್ಟಿನಲ್ಲಿ ಅದೇ ‘ಗೊತ್ತಿದ್ದೇ ಮಾಡಿದ’ ಅನ್ನುವುದಕ್ಕೆ ಸಾಕ್ಷಿಯಾಗುತ್ತದೆ.

ಪ್ರಶ್ನೆ: ನನ್ನ ಯೂಟ್ಯೂಬ್ ಚಾನೆಲ್ಲಿಗೆ ಸ್ಟ್ರೈಕ್ (ಕಾಪಿರೈಟ್ ಉಲ್ಲಂಘನೆಯ ಎಚ್ಚರಿಕೆ) ಬಂದಿದೆ. ತೆಗೆಸಿಕೊಡುತ್ತೇನೆ ಅಂತ ಒಬ್ಬರು 8 ಸಾವಿರ ಕೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ. ಯೂಟ್ಯೂಬಿನ ಕಾಪಿರೈಟ್ ಪಾಠ ಮುಗಿಸಿದರೆ 90 ದಿನಕ್ಕೆ ಸ್ಟ್ರೈಕ್ ತಾನಾಗಿ ಹೋಗುತ್ತದೆ. ಅಷ್ಟರಲ್ಲಿ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಹೋಗುತ್ತದೆ, ಆ 8 ಸಾವಿರದವರು ಆಗ ಫೋನ್ ಎತ್ತುವುದಿಲ್ಲ.