ಪಟ್ಟಿ ಬಿಡಿ, ಪತ್ತೇದಾರನನ್ನು ಹಿಡಿಯಿರಿ

ಪ್ರಿಯ ಓದುಗರೆ,

‘ಪಾಪ್ರಿಕಾ’ ಎಂಬ ಜಪಾನಿನ ಅನಿಮೆ (ಅನಿಮೇಷನ್) ಸಿನಿಮಾವನ್ನು ಎರಡು ಸಲ ನೋಡಿದಿರಂತೆ. ಎರಡನೇ ಸಲ ಅಲ್ಲಲ್ಲಿ ನಿಲ್ಲಿಸಿ, ಯಾವುದು ಕನಸು ಯಾವುದು ಎಚ್ಚರ ಎಂದು ಪಟ್ಟಿ ಮಾಡುತ್ತ ಹೋದರೂ ಅರ್ಧಕ್ಕೇ ಲೆಕ್ಕ ತಪ್ಪಿತಂತೆ. ‘ಇದು ನನ್ನ ದಡ್ಡತನವೇ?’ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ನಿಮ್ಮ ಪಟ್ಟಿ ತಪ್ಪಲೆಂದೇ ನಿರ್ದೇಶಕ ಸಾತೋಶಿ ಕೊನ್ ಈ ಚಿತ್ರವನ್ನು ಹಾಗೆ ಕಟ್ಟಿದ್ದಾರೆ.

ಸಿನಿಮಾದಲ್ಲಿ ಕನಸು ಬರುವ ಮುನ್ನ ನಮಗೊಂದು ಸೂಚನೆ ಸಿಗುವುದು ವಾಡಿಕೆ: ಪಾತ್ರ ಕಣ್ಣು ಮುಚ್ಚುತ್ತದೆ, ಪರದೆ ಮಂಜಾಗುತ್ತದೆ, ಸಂಗೀತ ಬದಲಾಗುತ್ತದೆ. ಕೊನ್ ಆ ಬಾಗಿಲನ್ನೇ ಕಿತ್ತುಹಾಕಿದರು. ಒಂದು ಜಾಗದಲ್ಲಿ ಎತ್ತಿದ ಹೆಜ್ಜೆ ಇನ್ನೊಂದು ಜಾಗದಲ್ಲಿ ಊರುತ್ತದೆ. ಮನೋವೈದ್ಯೆ ಚಿಬಾ ಬೊಂಬೆಯ ಬೆನ್ನು ಹತ್ತಿ ಉದ್ಯಾನದ ಬೇಲಿ ಏರುವುದನ್ನು ನೆನಪಿಸಿಕೊಳ್ಳಿ. ಅವಳು ಏರುತ್ತಿದ್ದದ್ದು ನಿಜವಾಗಿ ಬಹುಮಹಡಿ ಕಟ್ಟಡವೊಂದರ ಬಾಲ್ಕನಿಯ ಕಂಬಿ! ಅವಳು ನಿದ್ದೆ ಹೋದದ್ದನ್ನು ನಾವು ನೋಡಿಯೇ ಇಲ್ಲ. ನಟರನ್ನಿಟ್ಟು ತೆಗೆದ ಚಿತ್ರವಾಗಿದ್ದರೆ ಎಲ್ಲೋ ಒಂದು ಕಡೆ ಬೆಸುಗೆ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಕನಸೂ ನನಸೂ ಒಂದೇ ಗೆರೆಯಿಂದ, ಒಂದೇ ಬಣ್ಣದಿಂದ ಮೂಡಿದವು. ಅನಿಮೆಗಷ್ಟೇ ಇರುವ ಈ ಶಕ್ತಿಯನ್ನು ಇಷ್ಟು ಚೆನ್ನಾಗಿ ಅರಿತವರು ವಿರಳ.

ಕಥೆಯ ಮೂಲ ಯಸುತಾಕಾ ತ್ಸುತ್ಸುಯಿ ಅವರ 1993ರ ಕಾದಂಬರಿ. ಸಿನಿಮಾ ಬಂದದ್ದು 2006ರಲ್ಲಿ. ರೋಗಿಯ ಕನಸಿನೊಳಗೆ ಹೋಗಲು ಬಳಸುವ ‘ಡಿಸಿ ಮಿನಿ’ ಎಂಬ ಯಂತ್ರ ಕಳುವಾಗುತ್ತದೆ, ಒಬ್ಬರ ಕನಸು ಇನ್ನೊಬ್ಬರೊಳಗೆ ನುಗ್ಗುತ್ತದೆ. ಫ್ರಿಜ್ಜು, ಕಪ್ಪೆ, ಬೊಂಬೆಗಳ ಆ ಮೆರವಣಿಗೆಯೂ ಸುಸುಮು ಹಿರಾಸಾವಾ ಅವರ ಸಂಗೀತವೂ ತಲೆಯಿಂದ ಇಳಿಯುವುದಿಲ್ಲ ಎಂದಿದ್ದೀರಿ. ನನಗೂ ಹಾಗೇ ಆಗಿತ್ತು.

ಆದರೆ ನಿಮ್ಮ ಪತ್ರದಲ್ಲಿ ಪತ್ತೇದಾರ ಕೊನಾಕಾವಾನ ಮಾತೇ ಇಲ್ಲ! ನನಗೆ ಚಿತ್ರದ ಜೀವ ಅವನೇ. ಸರ್ಕಸ್ಸು, ಕಾಡು, ರೈಲು ಎಂದು ಅವನ ಕನಸು ಹಳೆಯ ಸಿನಿಮಾಗಳ ವೇಷ ತೊಟ್ಟು ಬರುತ್ತದೆ. ಪ್ರತಿಸಲವೂ ಕೊಲೆಯಾದ ಅದೇ ಕಾರಿಡಾರಿಗೆ ತಂದು ನಿಲ್ಲಿಸುತ್ತದೆ. ಓಡಿದರೆ ನೆಲವೇ ಬಾಗುತ್ತದೆ. ಕೇಳಿದರೆ, ತನಗೆ ಸಿನಿಮಾ ಆಗದು ಎನ್ನುತ್ತಾನೆ. ಹರೆಯದಲ್ಲಿ ಗೆಳೆಯನೊಂದಿಗೆ ಸಿನಿಮಾ ತೆಗೆಯಲು ಹೊರಟು ಅರ್ಧಕ್ಕೇ ಕೈಬಿಟ್ಟವನು ಅವನು. ಗೆಳೆಯ ಕಾಯಿಲೆಯಿಂದ ತೀರಿಕೊಂಡ. ಮುಂದಿನ ಕತೆಯೇನು ಎಂಬ ಆ ಗೆಳೆಯನ ಪ್ರಶ್ನೆ ಮಾತ್ರ ಉಳಿಯಿತು. ಅವನಿಗೆ ಎಚ್ಚರದಲ್ಲಿ ಒಪ್ಪಿಕೊಳ್ಳಲಾಗದ ದುಃಖವನ್ನು ಕನಸು ಬಿಡದೆ ಹೇಳುತ್ತಿದೆ. ಅಲ್ಲಿ ಯಾವುದು ಸುಳ್ಳು, ಯಾವುದು ನಿಜ, ಹೇಳಿ?

ಮೂರನೇ ಸಲ ನೋಡುವಾಗ ಎಲ್ಲೂ ನಿಲ್ಲಿಸಬೇಡಿ, ತೊಂಬತ್ತು ನಿಮಿಷ ಅವನ ಹಿಂದೆಯೇ ಹೋಗಿ. ಕೊನ್ 2010ರಲ್ಲಿ, 46ನೇ ವಯಸ್ಸಿಗೆ ಕ್ಯಾನ್ಸರಿನಿಂದ ತೀರಿಕೊಂಡರು. ಅವರು ಪೂರ್ತಿಗೊಳಿಸಿದ ಕೊನೆಯ ಪೂರ್ಣಾವಧಿ ಚಲನಚಿತ್ರ ಇದು. ಮುಂದಿನದು ಅರ್ಧಕ್ಕೇ ನಿಂತಿತು. ಅದು ಗೊತ್ತಿರುವುದರಿಂದಲೋ ಏನೋ, ಕೊನೆಯ ದೃಶ್ಯ ನನ್ನ ಕಣ್ಣು ತೇವಗೊಳಿಸುತ್ತದೆ. ಕೊನಾಕಾವಾ ಚಿತ್ರಮಂದಿರದ ಮುಂದೆ ನಿಂತಿದ್ದಾನೆ, ಗೋಡೆಯ ಮೇಲೆ ಕೊನ್ ಅವರದೇ ಹಿಂದಿನ ಚಿತ್ರಗಳ ಪೋಸ್ಟರುಗಳು. ಸಿನಿಮಾ ಆಗದು ಎಂದಿದ್ದ ಮನುಷ್ಯ ಕೌಂಟರಿಗೆ ಹೋಗಿ, ದೊಡ್ಡವರದೊಂದು ಟಿಕೆಟ್ ಕೇಳುತ್ತಾನೆ.

— ಸಂಪಾದಕ