ಬುದ್ಧಿ ಹೇಳಿದೆ, ಹುಡುಗ ಬರುವುದನ್ನೇ ಬಿಟ್ಟ

ಪ್ರಶ್ನೆ: ಮಾನ್ಯರೇ, ನನಗೆ 42 ವರ್ಷ. ಬಹುಕಾಲ ಗೊತ್ತುಗುರಿಯಿಲ್ಲದೆ ಬದುಕಿದ ನಾನು ಆರು ವರ್ಷಗಳ ಹಿಂದೆ ಕ್ರಿಸ್ತನಲ್ಲಿ ನಂಬಿಕೆಯಿಟ್ಟೆ. ದಾರಿ ತಪ್ಪಿದ ಯುವಕರಿಗೆ ನೆರವಾಗುವುದೇ ದೇವರು ನನಗೆ ಒಪ್ಪಿಸಿದ ಕೆಲಸವೆಂದು ತಿಳಿದಿದ್ದೇನೆ. ನಮ್ಮ ಚರ್ಚಿನ ಸಭೆಯ 19ರ ಹುಡುಗನೊಬ್ಬ ಕುಡಿತಕ್ಕೆ ಬಿದ್ದು ಓದು ಬಿಟ್ಟಿದ್ದ. ಮೂರು ತಿಂಗಳು ವಾರಕ್ಕೊಮ್ಮೆ ಅವನೊಂದಿಗೆ ಬೈಬಲ್ ವಾಕ್ಯ ಓದಿದೆ, ಪ್ರಾರ್ಥಿಸಿದೆ, ಬುದ್ಧಿ ಹೇಳಿದೆ. ಈಗ ಅವನು ಬರುವುದನ್ನೇ ನಿಲ್ಲಿಸಿದ್ದಾನೆ. ನನಗೆ ಬಂದ ಕರೆಯೇ ಸುಳ್ಳೆ?

ಉತ್ತರ: ಕರೆ ಸುಳ್ಳೆಂದು ನನಗೆ ಅನ್ನಿಸುವುದಿಲ್ಲ. ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಮಾಡಿದ್ದೆಲ್ಲ ಅದರಲ್ಲಿದೆ, ಆ ಹುಡುಗ ಏನು ಹೇಳಿದನೆಂಬುದು ಎಲ್ಲಿಯೂ ಇಲ್ಲ.

ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದಲ್ಲಿ ಬರುವ ಮಾರ್ಕನನ್ನು ನೆನಪಿಸಿಕೊಳ್ಳಿ. ಕ್ರಿಸ್ತನ ಸಂದೇಶ ಸಾರುತ್ತಿದ್ದ ಪೌಲ, ಬಾರ್ನಬರೊಡನೆ ಹೊರಟ ಈ ಯುವಕ ಪಂಫುಲ್ಯವೆಂಬ ನಾಡಿನಲ್ಲಿ ಅವರನ್ನು ಬಿಟ್ಟು ಹಿಂದಿರುಗಿದ. ಮುಂದಿನ ಪ್ರಯಾಣಕ್ಕೆ ಅವನು ಬೇಡವೆಂದು ಪೌಲ ಹಟ ಹಿಡಿದಾಗ ಅವರಿಬ್ಬರೇ ಬೇರೆಯಾಗುವಷ್ಟು ವಾಗ್ವಾದ ನಡೆದು, ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹಡಗು ಹತ್ತಿದ. ಅಲ್ಲಿ ಅವನಿಗೆ ಏನೆಂದು ಬುದ್ಧಿ ಹೇಳಿದನೋ, ಗ್ರಂಥ ತಿಳಿಸುವುದಿಲ್ಲ. ಜೊತೆಗೆ ಕರೆದೊಯ್ದನೆಂದಷ್ಟೇ ಹೇಳುತ್ತದೆ. ಅದೇ ಮಾರ್ಕ ತನ್ನ ಸೇವೆಗೆ ಉಪಯುಕ್ತನಾಗಿದ್ದಾನೆ, ಅವನನ್ನು ಕರೆತರಬೇಕು ಎಂದು ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನ ಮಾತಿದೆ.

1841ರ ಡಿಸೆಂಬರ್ 8ರಂದು ಇಟಲಿಯ ಟ್ಯೂರಿನ್ ನಗರದ ಚರ್ಚೊಂದರಲ್ಲಿ, ಬಲಿಪೂಜೆಗೆ (ಕ್ಯಾಥೊಲಿಕರ ಮಾಸ್ ಆರಾಧನೆಗೆ) ನೆರವಾಗಲು ಬಾರದೆಂಬ ಕಾರಣಕ್ಕೆ ಅಲ್ಲಿನ ಪರಿಚಾರಕ ಒಬ್ಬ ಗಾರೆ ಕೆಲಸದ ಹುಡುಗನನ್ನು ಹೊಡೆದು ಓಡಿಸಿದಾಗ, ಯುವ ಪಾದ್ರಿ ಜಾನ್ ಬಾಸ್ಕೊ ಅವನು ತನ್ನ ಗೆಳೆಯನೆಂದು ಹೇಳಿ ಮರಳಿ ಕರೆಸಿದರು. ಅದುವರೆಗೆ ಅವರು ಆ ಹುಡುಗನನ್ನು ಕಂಡೇ ಇರಲಿಲ್ಲ. ಯುವಜನರನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಅವರ ಅರಿವಿಗೂ ಬರಬೇಕು ಎಂದು 1884ರಲ್ಲಿ ಅವರು ಬರೆದದ್ದು ಇಂಥ ಹುಡುಗರ ನಡುವೆಯೇ ಬಾಳಿದ ಅನುಭವದಿಂದ.

ಇನ್ನೊಂದು ಮಾತನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ನಿಮ್ಮ ಸಭೆಯ ಆ ಹುಡುಗ ಸುಧಾರಿಸಿದರೆ ಮಾತ್ರ ನಿಮ್ಮ ಬದುಕಿಗೆ ಅರ್ಥವೆಂದು ನೀವು ನಂಬಿದ್ದರೆ ಆ ಭಾರ ಅವನಿಗೂ ತಿಳಿದಿರುತ್ತದೆ. ಸ್ವಂತ ಸೋಲನ್ನೇ ಹೊರಲಾರದವನು ನಿಮ್ಮ ಸೋಲನ್ನೂ ಹೊರಲಾರದೆ ದೂರ ಸರಿಯುತ್ತಾನೆ. ನಿಮ್ಮ ಬದುಕಿನ ಅರ್ಥ ಕ್ರಿಸ್ತನಲ್ಲಿದೆಯೆಂದು ನೀವೇ ಬರೆದಿದ್ದೀರಿ. ಅದು ಅಲ್ಲಿಯೇ ಇರಲಿ.

ಕುಡಿತ ಹಳೆಯದಾಗಿದ್ದರೆ ಒಮ್ಮೆಗೇ ಬಿಡಿಸಲು ಹೋಗಬೇಡಿ. ನಡುಕ, ಫಿಟ್ಸ್ ಬರುವ ಅಪಾಯವಿದೆ, ಮೊದಲು ವೈದ್ಯರು ನೋಡಲಿ. ಪೌಲನ ಸಂಗಡಿಗ ಲೂಕನೂ ವೈದ್ಯನೇ ಆಗಿದ್ದ. ಸಾಯುವ ಮಾತು ಆ ಹುಡುಗನ ಬಾಯಲ್ಲಿ ಬಂದರೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳದೆ, ಅವನನ್ನು ಒಂಟಿಯಾಗಿ ಬಿಡದೆ, ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ಈ ವಾರ ಅವನಿಗೊಂದು ಚಿಕ್ಕ ಸಂದೇಶ ಕಳುಹಿಸಿ. ಅದರಲ್ಲಿ ವಾಕ್ಯ ಬೇಡ, ಯಾಕೆ ಬರಲಿಲ್ಲವೆಂಬ ಪ್ರಶ್ನೆಯೂ ಬೇಡ. 'ನಾನೇ ಹೆಚ್ಚು ಮಾತಾಡಿಬಿಟ್ಟೆ, ನಿನ್ನ ಮಾತು ಕೇಳಬೇಕೆಂದಿದೆ, ನಿನಗೆ ಅನುಕೂಲವಾದಾಗ ಸಿಗೋಣ' ಎಂದಿದ್ದರೆ ಸಾಕು. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಮತ್ತೊಮ್ಮೆ ಬರೆಯಿರಿ.